ಹೂಂಗುಟ್ಟುವ ಫೋನು

ಫೋನು ಕೊಳ್ಳಲು ಹೋದವರು ಕ್ಯಾಮೆರಾ ನೋಡುತ್ತಾರೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆಂದು ಕೇಳುತ್ತಾರೆ, ಬಣ್ಣ ಆರಿಸುತ್ತಾರೆ. ನಾನೂ ನನ್ನಮ್ಮನೂ ದೆಹಲಿಯ ಲಕ್ಷ್ಮೀ ನಗರದ ಒಂದು ಅಂಗಡಿಯಲ್ಲಿ ಮಧ್ಯಾಹ್ನವಿಡೀ ಕೂತು ನೋಡಿದ್ದು ಒಂದೇ ಒಂದು: ಕನ್ನಡದಲ್ಲಿ ‘ಹೂಂ’ ಅಂತ ಬರೆಯುವುದು ಯಾವ ಫೋನಿನಲ್ಲಿ ಬೇಗ ಆಗುತ್ತದೆ. ಅಂಗಡಿಯವನು ಮೊದಲು ನಕ್ಕ, ಆಮೇಲೆ ಆಕಳಿಸಿದ, ಕೊನೆಗೆ ಚಹಾ ತರಿಸಿ ಕೊಟ್ಟು ನಮ್ಮ ಪಕ್ಕದಲ್ಲೇ ಕೂತುಬಿಟ್ಟ.

ಈಚೆಗೆ ಅದೆಲ್ಲ ಮತ್ತೆ ಮತ್ತೆ ನೆನಪಿಗೆ ಬರುತ್ತಿದೆ. ನನ್ನ ಮಗಳು ಹೊಸ ಫೋನು ಕೊಡಿಸುತ್ತೇನೆಂದು ಹಟ ಹಿಡಿದಿದ್ದಾಳೆ. ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಆಡಲು ಹೊರಟರೆ ಅರ್ಧ ದಾರಿಯಲ್ಲಿ ಹಿಂದಿ ಬಸ್ಸು ಹತ್ತಿಬಿಡುತ್ತಾಳೆ. “ಅಮ್ಮಾ, ನಿನ್ ಹತ್ರ ಎರಡೆರಡು ಫೋನ್ ಯಾಕೆ? ಅಜ್ಜೀದು ವೋ ಪುರಾನಾ ವಾಲಾ ಎಕ್ಸ್‌ಚೇಂಜ್‌ಗೆ ಕೊಟ್ಬಿಡೋಣ. ಎಷ್ಟು ಸ್ಲೋ ಆಗಿದೆ ನೋಡು,” ಅನ್ನುತ್ತಾಳೆ. ಸ್ಲೋ ಆಗಿರುವುದು ನಿಜ. ಗಾಜು ಮೂಲೆಯಲ್ಲಿ ಬಿರುಕು ಬಿಟ್ಟಿದೆ, ಬ್ಯಾಟರಿ ಮಧ್ಯಾಹ್ನದ ಹೊತ್ತಿಗೆ ಸುಸ್ತಾಗುತ್ತದೆ. ಆದರೂ ಕೊಡಲಾರೆ. ಯಾಕೆ ಅಂತ ಹೇಳಬೇಕಾದರೆ ಕಿದ್ವಾಯಿ ನಗರದ ಹಳೆಯ ಕ್ವಾರ್ಟರ್ಸಿನಿಂದ ಶುರುಮಾಡಬೇಕು.

ಆಗ ನಾನು ಕೇಂದ್ರ ಸರ್ಕಾರದ ಒಂದು ಕಚೇರಿಯಲ್ಲಿ ಕೆಲಸಕ್ಕಿದ್ದೆ. ನಮ್ಮವರು ಮಾನೇಸರದ ಕಾರಿನ ಬಿಡಿಭಾಗ ಮಾಡುವ ಕಾರ್ಖಾನೆಯಲ್ಲಿದ್ದರು, ಬೆಳಕು ಹರಿಯುವ ಮೊದಲೇ ಕಂಪನಿ ಬಸ್ಸು ಹಿಡಿಯುತ್ತಿದ್ದರು. ಅಪ್ಪ ಹೋದ ಮೇಲೆ ಅಮ್ಮ ತಿಪಟೂರು ಬಿಟ್ಟು ನಮ್ಮ ಜೊತೆಗೆ ಬಂದಳು. ನೆಲಮಹಡಿಯ ಎರಡು ಕೋಣೆಯ ಮನೆ, ಹಿಂದೆ ಒಂದು ಪುಟ್ಟ ಅಂಗಳ, ಅದರಾಚೆ ಬೇವಿನ ಮರ. ಅಮ್ಮ ಕಲಿತ ಹಿಂದಿ ಅಂದರೆ ‘ಭಯ್ಯಾ’, ‘ಕಿತ್ನಾ’ ಮತ್ತು ‘ಅಚ್ಛಾ’. ಈ ಮೂರೇ ಮಾತಿನಲ್ಲಿ ತರಕಾರಿ ಗಾಡಿಯವನ ಹತ್ತಿರ ವರ್ಷಗಟ್ಟಲೆ ಜಗಳವಾಡಿದಳು, ಗೆದ್ದಳು, ಮೇಲೆ ಕೊತ್ತಂಬರಿ ಸೊಪ್ಪನ್ನೂ ಬಿಟ್ಟಿ ಹಾಕಿಸಿಕೊಂಡಳು.

ಅಮ್ಮನಿಗಿದ್ದದ್ದು ಒಬ್ಬಳೇ ತಂಗಿ. ನನ್ನ ಚಿಕ್ಕಮ್ಮ. ಅಕ್ಕತಂಗಿಯರಿಬ್ಬರೂ ಮದುವೆಯಾಗಿ ಸೇರಿದ್ದು ತಿಪಟೂರಿನ ಒಂದರ ಬೆನ್ನಿಗೊಂದು ಇದ್ದ ಬೀದಿಗಳಿಗೆ. ಒಬ್ಬರ ಒಗ್ಗರಣೆಯ ವಾಸನೆ ಇನ್ನೊಬ್ಬರ ಹಿತ್ತಲಿಗೆ ಬರುವಷ್ಟು ಹತ್ತಿರ. ಮುದುಕಿಯರಾಗುವ ತನಕ ದಿನಕ್ಕೊಮ್ಮೆಯಾದರೂ ಮುಖ ನೋಡದೆ ಇದ್ದವರಲ್ಲ. ಅಮ್ಮ ದೆಹಲಿಗೆ ಬಂದ ಮೇಲೆ ಆ ಮುಖದ ಜಾಗಕ್ಕೆ ಫೋನು ಬಂತು. ಚಿಕ್ಕಮ್ಮ ಮಗ ಸೊಸೆಯ ಜೊತೆ ಊರಲ್ಲೇ ಇದ್ದಳು. ಬೆಳಗಿನ ಕೆಲಸ ಮುಗಿದ ಮೇಲೆ, ಮಧ್ಯಾಹ್ನದ ಅಡುಗೆಗೆ ಮುಂಚೆ, ಅವಳ ಫೋನು ಬರಲೇಬೇಕು.

ಈ ಫೋನಿನಲ್ಲಿ ಚಿಕ್ಕಮ್ಮ ಹೇಳುವುದು, ಅಮ್ಮ ಹೂಂಗುಟ್ಟುವುದು. ಅಮ್ಮನಿಗೆ ದೆಹಲಿಯಲ್ಲಿ ಹೇಳಲು ಏನಿತ್ತು? ಸುದ್ದಿಯೆಲ್ಲ ತಿಪಟೂರಿನಲ್ಲಿತ್ತು. ಯಾರ ಮನೆಯ ಹೆಣ್ಣು ಬಸುರಿ, ಯಾರು ಹಿತ್ತಲಿನ ಗೋಡೆ ಅರ್ಧ ಅಡಿ ಈಚೆಗೆ ಕಟ್ಟಿದರು, ಯಾವ ಸೊಸೆ ಯಾವ ಅತ್ತೆಗೆ ಎಂಥ ಉತ್ತರ ಕೊಟ್ಟಳು. ಚಿಕ್ಕವರಿದ್ದಾಗ ಇದು ತಿರುವುಮುರುವಾಗಿತ್ತಂತೆ. ಅಮ್ಮ ಕತೆ ಹೇಳುತ್ತಿದ್ದಳು, ಚಿಕ್ಕಮ್ಮ ಒಂದೊಂದು ಮಾತಿಗೂ ಹೂಂ ಅನ್ನಬೇಕಿತ್ತು. ಹೂಂ ನಿಂತರೆ ಕತೆಯೂ ನಿಲ್ಲುತ್ತಿತ್ತು. ತಂಗಿ ತೂಕಡಿಸುತ್ತಿದ್ದಾಳೋ ಎಂದು ನೋಡಲು ಅಮ್ಮ ನಡುವೆ ತಟ್ಟನೆ ನಿಲ್ಲಿಸಿ “ಎಲ್ಲಿಗೆ ಬಂದಿದ್ದೆ?” ಎಂದು ಕೇಳುತ್ತಿದ್ದಳಂತೆ. ಹೇಳಲು ಬರದಿದ್ದರೆ ಕತೆ ಮತ್ತೆ ಮೊದಲಿನಿಂದ.

ರಜೆಯ ದಿನ ನಾನು ಅಡುಗೆಮನೆಯಲ್ಲಿದ್ದುಕೊಂಡು ಅಮ್ಮನ ಹೂಂ ಕೇಳುತ್ತಿದ್ದೆ. ತುಂಡು ಹೂಂ ಅಂದರೆ ಸುದ್ದಿ ಮಾಮೂಲಿ. ಎಳೆದ ಹೂಂ ಅಂದರೆ ನಂಬಿಕೆ ಬಂದಿಲ್ಲ. ಮೇಲಕ್ಕೆ ಏರುವ ಹೂಂ ಬಂದರೆ ಅಲ್ಲಿ ಯಾರೋ ಯಾರ ಜೊತೆಗೋ ಮಾತು ಬಿಟ್ಟಿದ್ದಾರೆ. ಮೂಗಿನಲ್ಲೇ ಉಳಿದುಹೋದ ಹೂಂ ಆದರೆ ಯಾರೋ ಹೋಗಿದ್ದಾರೆ. ಚಿಕ್ಕಮ್ಮನ ಒಂದು ಮಾತೂ ನನಗೆ ಕೇಳಿಸುತ್ತಿರಲಿಲ್ಲ, ಆದರೂ ಫೋನು ಮುಗಿಯುವ ಹೊತ್ತಿಗೆ ತಿಪಟೂರಿನ ಅಂದಿನ ವರ್ತಮಾನ ಮುಕ್ಕಾಲು ಪಾಲು ಗೊತ್ತಾಗಿರುತ್ತಿತ್ತು. ಆ ದಿನಗಳು ಎಷ್ಟು ಚೆನ್ನಾಗಿದ್ದವು ಅಂತ ಆಗ ಗೊತ್ತಿರಲಿಲ್ಲ. ಗೊತ್ತಿದ್ದಿದ್ದರೆ ಕುಕ್ಕರಿನ ಸೀಟಿ ಹೊಡೆಸದೆ ಕೇಳಿಸಿಕೊಳ್ಳುತ್ತಿದ್ದೆ.

ಆಮೇಲೆ ಚಿಕ್ಕಮ್ಮನಿಗೆ ಕಿವಿ ಮಂದವಾಗುತ್ತ ಬಂತು. ಮೊದಲು “ಸ್ವಲ್ಪ ಜೋರಾಗಿ ಹೂಂ ಅನ್ನೇ ಅಕ್ಕ” ಅಂದಳು. ಅಮ್ಮ ಜೋರು ಮಾಡಿದಳು. ಪಕ್ಕದ ಕ್ವಾರ್ಟರ್ಸಿನ ಪಂಜಾಬಿ ಹೆಂಗಸು ಗೋಡೆಯಾಚೆಯಿಂದ “ಮಾತಾಜಿ ಠೀಕ್ ಹೈಂ?” ಎಂದು ಕೇಳುವಷ್ಟು ಜೋರು ಮಾಡಿದಳು. ಅದೂ ಸಾಲದಾಯಿತು. ಕಿವಿಯ ಮಿಷನ್ನು ತಂದರು. ಗಿಜಿಗಿಜಿ ಅನ್ನುತ್ತದೆ, ತಟ್ಟೆ ಲೋಟದ ಸದ್ದೆಲ್ಲ ತಲೆಯೊಳಗೆ ಬಿದ್ದಂತಾಗುತ್ತದೆ ಎಂದು ಚಿಕ್ಕಮ್ಮ ಅದನ್ನು ಒಡವೆ ಡಬ್ಬಿಯಲ್ಲಿ ಓಲೆಯ ಪಕ್ಕದಲ್ಲಿ ಇಟ್ಟುಬಿಟ್ಟಳು. ಕೊನೆಗೆ ಒಂದು ದಿನ ಮಾತಿನ ನಡುವೆ “ಅಕ್ಕಾ? ಇದ್ದೀಯಾ? ಹೂಂ ಅನ್ನೇ” ಅಂದಳು. ಅಮ್ಮ ಅನ್ನುತ್ತಲೇ ಇದ್ದಳು. “ಗೋಡೆ ಹತ್ರ ಮಾತಾಡಿದ ಹಾಗಾಗುತ್ತೆ ಕಣೇ” ಎಂದು ಚಿಕ್ಕಮ್ಮ ಫೋನು ಇಟ್ಟಳು. ಮಾರನೆಯ ದಿನ ಫೋನು ಬರಲಿಲ್ಲ. ಅದರ ಮಾರನೆಯ ದಿನವೂ ಇಲ್ಲ.

ನಾನು ಅವಳ ಮಗನಿಗೆ ಫೋನು ಮಾಡಿದೆ. “ಮನೇಲೂ ಮಾತು ಕಮ್ಮಿ ಮಾಡಿದಾಳಕ್ಕ. ನಾವು ಬಾಯಿ ಆಡಿಸೋದು ನೋಡಿ ಎದ್ದು ಹೋಗ್ತಾಳೆ,” ಅಂದ. ಇತ್ತ ಅಮ್ಮ ಆ ಹೊತ್ತಿಗೆ ಸರಿಯಾಗಿ ಅಡುಗೆಮನೆಯ ಕಿಟಕಿ ಹತ್ತಿರದ ಮಣೆಯ ಮೇಲೆ ಕೂತುಕೊಂಡು ಫೋನು ತೊಡೆಯ ಮೇಲಿಟ್ಟುಕೊಳ್ಳುತ್ತಿದ್ದಳು. ಗಾಡಿಯವನು ಕೂಗಿದರೂ ಏಳುತ್ತಿರಲಿಲ್ಲ. ಚಿಕ್ಕಮ್ಮ ಮಾತು ಬಿಟ್ಟರೆ ಅಮ್ಮನಿಗೆ ತಿಪಟೂರೇ ಇಲ್ಲ, ಅಮ್ಮನ ಹೂಂ ಸಿಗದಿದ್ದರೆ ಚಿಕ್ಕಮ್ಮನಿಗೆ ಮಾತೇ ಇಲ್ಲ.

ದಾರಿ ಹೇಳಿದವಳು ಅಮ್ಮನೇ. ಒಂದು ಸಂಜೆ ನಾನು ಕಚೇರಿಯಿಂದ ಬಂದು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದಳು.

“ನೋಡು, ಅವಳ ಬಾಯಿಗೇನೂ ಆಗಿಲ್ಲ. ನನ್ನ ಕಿವಿಗೂ ಏನೂ ಆಗಿಲ್ಲ. ಅವಳು ಹೇಳ್ಬೋದು, ನಾನು ಕೇಳ್ಬೋದು. ನನ್ನ ಹೂಂ ಒಂದು ಅವಳಿಗೆ ಮುಟ್ಟಬೇಕು. ಅದಕ್ಕೇನಾದ್ರೂ ಮಾಡು. ಇಷ್ಟೆಲ್ಲ ಓದಿದೀಯ.”

ಓದಿಗೂ ಇದಕ್ಕೂ ಏನು ಸಂಬಂಧ ಎಂದು ರೇಗಿದೆ. ಆದರೆ ಮಾತು ತಲೆಯಲ್ಲಿ ಕೂತಿತು.

ಮೊದಲು ವಿಡಿಯೋ ಕಾಲು ನೋಡಿದೆವು. ಮುಖ ಕಂಡರೆ ತಲೆಯಾಡಿಸುವುದೂ ಕಾಣುತ್ತದಲ್ಲ ಎಂದು ನನ್ನ ಲೆಕ್ಕಾಚಾರ. ಚಿಕ್ಕಮ್ಮನ ಮಗ ತನ್ನ ಹಳೆಯ ದೊಡ್ಡ ಪರದೆಯ ಫೋನನ್ನು ಅವಳಿಗೆ ಕೊಟ್ಟಿದ್ದ. ಇತ್ತ ನನ್ನ ಮಗಳು ತನ್ನ ಫೋನು ಹಚ್ಚಿ ಅಮ್ಮನ ಕೈಗೆ ಕೊಟ್ಟಳು. ಅಮ್ಮ ತಂಗಿಯ ಮುಖವನ್ನು ಒಂದು ಗಳಿಗೆ ನೋಡಿದಳು, ಕಣ್ಣು ಒರೆಸಿಕೊಂಡಳು, ತಂಗಿ ಮಾತು ಶುರುಮಾಡಿದ್ದೇ ತಡ ಫೋನನ್ನು ಎತ್ತಿ ಕಿವಿಗೆ ಇಟ್ಟುಕೊಂಡಳು. ಎಷ್ಟು ಹೇಳಿದರೂ ಅಷ್ಟೇ. ಮಾತು ಬಂದ ತಕ್ಷಣ ಕೈ ತಾನಾಗಿ ಕಿವಿಗೆ ಹೋಗುತ್ತಿತ್ತು. ತಿಪಟೂರಿನಲ್ಲಿ ಕಿವುಡಿ ತಂಗಿಗೆ ಕಂಡದ್ದು ಅಕ್ಕನ ಒಂದು ಕಿವಿ. “ಅಕ್ಕ, ಓಲೆ ಎಣ್ಣೆ ಕಟ್ಟಿದೆ, ಸೀಗೆಪುಡಿ ಹಾಕಿ ತಿಕ್ಕಿಸು” ಎಂದಳು ಚಿಕ್ಕಮ್ಮ. ನಾವು ನಕ್ಕು ನಕ್ಕು ಸುಸ್ತಾದೆವು. ಜೊತೆಗೆ ನಮ್ಮ ಮನೆಯಲ್ಲಿ ಚಿತ್ರ ಹೆಜ್ಜೆಗೊಮ್ಮೆ ಕಲ್ಲಾಗಿ ನಿಲ್ಲುತ್ತಿತ್ತು. ಅದನ್ನು ಬಿಟ್ಟೆವು.

ಆಮೇಲೆ ಮಗಳು ಒಂದು ಉಪಾಯ ಹೂಡಿದಳು. ಚಿಕ್ಕಮ್ಮ ಫೋನನ್ನು ಸ್ಪೀಕರಿಗೆ ಹಾಕಿ ಎದುರಿಗೆ ಇಟ್ಟುಕೊಂಡು ಮಾತಾಡುವುದು, ಇತ್ತಲಿಂದ ನಾವು ಹೂಂ ಎಂಬುದಕ್ಕೆ ಬದಲಾಗಿ ಹೆಬ್ಬೆರಳಿನ ಚಿತ್ರ ಕಳಿಸುವುದು. “ಅಜ್ಜಿ, ಬಸ್ ಇದನ್ನ ಒಂದ್ಸಲ ದಬಾವೋ, ಹೋಗ್ಬಿಡತ್ತೆ!” ಅಮ್ಮ ಒತ್ತಿದಳು. ಅತ್ತ ಚಿಕ್ಕಮ್ಮ ಮಾತು ನಿಲ್ಲಿಸಿದಳು. ಅಮ್ಮ ಇನ್ನೊಂದು ಹೆಬ್ಬೆರಳು ಕಳಿಸಿದಳು. ಫೋನು ಕಟ್ಟಾಯಿತು. ಸಂಜೆ ಅವಳ ಮಗ ಫೋನು ಮಾಡಿ, “ಅಕ್ಕ, ಏನಾಯ್ತು ಅಲ್ಲಿ? ನಮ್ಮಮ್ಮ ಅಳ್ತಾ ಕೂತಿದಾಳೆ. ದಿಲ್ಲಿಗೆ ಹೋದ ಮೇಲೆ ಅಕ್ಕ ನನ್ನನ್ನ ಹೆಬ್ಬೆಟ್ಟು ಅಂತ ಆಡ್ಕೊಳ್ತಾಳೆ, ನಾನೂ ನಾಲ್ಕನೇ ಕ್ಲಾಸು ಓದಿದೀನಿ, ರುಜು ಹಾಕ್ತೀನಿ ಅಂತಿದಾಳೆ,” ಅಂದ. ಮಗಳಿಗೆ ಇದು ಅರ್ಥವಾಗಲಿಲ್ಲ. ಓದುಬರಹ ಬಾರದವರನ್ನು ಹೆಬ್ಬೆಟ್ಟು ಅನ್ನುತ್ತಾರೆ, ರುಜುವಿನ ಜಾಗದಲ್ಲಿ ಅವರು ಹೆಬ್ಬೆರಳು ಒತ್ತುತ್ತಾರೆ ಎಂದು ಹೇಳಿದೆ. “ಬಟ್ ಇದು ಓಕೆ ಅಂತಲ್ವಾ!” ಎಂದು ಅವಳು ಅಳುಮೋರೆ ಮಾಡಿದಳು. ಅಮ್ಮ ನಮ್ಮಿಬ್ಬರಿಗೂ ಬೈದಳು. “ನನ್ನ ಹೂಂ ನನಗೆ ಅಕ್ಷರದಲ್ಲೇ ಬೇಕು. ಬೆರಳೂ ಬೇಡ, ಬೊಂಬೆಯೂ ಬೇಡ.”

ಅಮ್ಮನ ಕೈಯಲ್ಲಿದ್ದ ಗುಂಡಿ ಫೋನಿನಲ್ಲಿ ಅದು ಆಗುವ ಹಾಗಿರಲಿಲ್ಲ. ದೆಹಲಿಯಲ್ಲಿ ಕೊಂಡದ್ದು, ಗುಂಡಿಗಳ ಮೇಲೆ ಇಂಗ್ಲಿಷಿನ ಪಕ್ಕ ಹಿಂದಿ ಅಕ್ಷರ ಅಚ್ಚಾಗಿದ್ದವು. ಅಮ್ಮ ಓದಬಲ್ಲದ್ದು ಕನ್ನಡ ಒಂದೇ. ಹೀಗಾಗಿ ನಾವು ಒಂದು ಶನಿವಾರ ಮೆಟ್ರೋ ಹತ್ತಿ ಲಕ್ಷ್ಮೀ ನಗರಕ್ಕೆ ಹೋದೆವು. ಕೋಚಿಂಗ್ ಹುಡುಗರ ನೂಕುನುಗ್ಗಲಿನ ನಡುವೆ ಸಾಲು ಸಾಲು ಫೋನಿನ ಅಂಗಡಿಗಳು. ಕಡಿಮೆ ಬೆಲೆಗೆ ಸಿಗುತ್ತವೆ ಎಂದು ಕಚೇರಿಯಲ್ಲಿ ಹೇಳಿದ್ದರು. ಅಮ್ಮ ಸೆರಗು ಬಿಗಿಮಾಡಿಕೊಂಡು, ನನ್ನ ತೋಳು ಹಿಡಿದುಕೊಂಡು ನಡೆದಳು. ಅಂಗಡಿಯ ಸ್ಟೂಲಿನ ಮೇಲೆ ಕೂತವಳು ನೇರ ವಿಷಯಕ್ಕೇ ಬಂದಳು. “ಅವನಿಗೆ ಹೇಳು, ಹೂಂ ಬರಬೇಕು ಅಂತ.”

ನಾನು ಹಿಂದಿಯಲ್ಲಿ ಹೇಳಿದೆ. ಅವನು “ಬಸ್, ಹೂಂ?” ಎಂದ. ಬಸ್, ಅಷ್ಟೇ, ಹೂಂ.

ಮೊದಲ ಫೋನಿನಲ್ಲಿ ಇಂಗ್ಲಿಷ್ ಅಕ್ಷರ ಒತ್ತಿದರೆ ಕನ್ನಡ ಮೂಡುತ್ತಿತ್ತು. ನನಗೆ ಅದೇ ಸಲೀಸು ಅನ್ನಿಸಿತು. “ಹೂಂ ಅನ್ನೋಕೆ ಈ ವಯಸ್ಸಲ್ಲಿ ನಾನು ಇಂಗ್ಲಿಷ್ ಕಲೀಬೇಕಾ?” ಎಂದು ಅಮ್ಮ ಅದನ್ನು ಪಕ್ಕಕ್ಕೆ ತಳ್ಳಿದಳು. ಎರಡನೆಯದಕ್ಕೆ ಬರೆಯುವುದೇ ಬೇಡ, ಮಾತಾಡಿದರೆ ಸಾಕು, ಅದೇ ಬರೆದುಕೊಳ್ಳುತ್ತದೆ ಎಂದು ಅಂಗಡಿಯವನು ಹುರುಪಿನಿಂದ ತೋರಿಸಿದ. ಅಮ್ಮ ಫೋನಿನ ಬಾಯಿಗೆ ಬಾಯಿಟ್ಟು “ಹೂಂ” ಎಂದಳು. ಫೋನು ಸುಮ್ಮನೆ ಕಾದಿತು. “ಹೂಂ.” ಮತ್ತೆ ಕಾದಿತು. ಅಮ್ಮ ತನ್ನಲ್ಲಿದ್ದ ಹೂಂಗಳನ್ನೆಲ್ಲ ಒಂದೊಂದಾಗಿ ಬಿಟ್ಟಳು, ಎಳೆದದ್ದು, ತುಂಡು, ಮೂಗಿನದು. ಸರಿಯಾಗಿ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿ ಎಂದಿತು ಫೋನು. “ಇದೂ ಅವಳ ಹಾಗೇ ಕಿವುಡು. ಇದಕ್ಕೆ ಹೂಂ ಅನ್ನೋದು ಮಾತು ಅಂತಲೇ ಗೊತ್ತಿಲ್ಲ,” ಎಂದು ಅಮ್ಮ ತೀರ್ಪು ಕೊಟ್ಟಳು.

ಮೂರನೆಯದರಲ್ಲಿ ಬೆರಳಿನಿಂದಲೇ ಗಾಜಿನ ಮೇಲೆ ಬರೆಯಬಹುದಿತ್ತು. ಅಮ್ಮನ ಕಣ್ಣು ಮಿನುಗಿತು. ಸ್ಲೇಟು ಹಿಡಿಯುವ ಹಾಗೆ ಎಡಗೈಯಲ್ಲಿ ಹಿಡಿದು, ಗುಂಡಗೆ, ದೊಡ್ಡದಾಗಿ ‘ಹ’ ಬರೆದು, ಬೆರಳು ಎತ್ತಿ ಅದರ ಚಂದ ನೋಡಿದಳು. ಅಷ್ಟರಲ್ಲಿ ಫೋನು ಬರವಣಿಗೆ ಮುಗಿಯಿತೆಂದುಕೊಂಡು ಬರೀ ‘ಹ’ ಎಂದು ಇಟ್ಟುಬಿಟ್ಟಿತು. ತಪ್ಪಾಯಿತೆಂದು ಅಮ್ಮ ಸೆರಗಿನಿಂದ ಗಾಜು ಒರೆಸಿದಳು. ಎಲ್ಲಿಂದಲೋ ಯಾರದೋ ಮದುವೆಯ ಫೋಟೋ ತೆರೆದುಕೊಂಡಿತು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನನ್ನ ಕೈ ನಿಧಾನ, ಬೇರೆ ಕೊಡು,” ಎಂದು ತಾನೇ ನಕ್ಕಳು.

ಕೊನೆಗೆ ಒಪ್ಪಿದ್ದು ವರ್ಣಮಾಲೆಯ ಕೀಬೋರ್ಡು. ಕಖಗಘ ಎಲ್ಲ ಮಗ್ಗಿ ಪುಸ್ತಕದಲ್ಲಿದ್ದ ಹಾಗೆ ಸಾಲಾಗಿ ನಿಂತಿದ್ದವು. ‘ಹ’ ಹುಡುಕಿ ಒತ್ತು, ಕೊಂಬಿನ ದೀರ್ಘ ಒತ್ತು, ಸೊನ್ನೆ ಒತ್ತು. ನಿಧಾನವೇ. ಆದರೆ ಅಮ್ಮ ಹಟದಿಂದ ಬರೆಯುತ್ತ ಹೋದಳು. ಒಂದು ಸಲ ‘ಹ’ ಮುಟ್ಟಿದ್ದಳಷ್ಟೆ, ಅಕ್ಷರಗಳ ಮೇಲಿನ ಪಟ್ಟಿಯಲ್ಲಿ ‘ಹೂಂ’ ತಾನಾಗಿ ಬಂದು ನಿಂತಿತು. ಅಮ್ಮ ಬೆರಳು ಹಿಂದಕ್ಕೆಳೆದುಕೊಂಡಳು.

“ನಾನು ಬರೀಲಿಲ್ಲ ಕಣೇ ಇದನ್ನ.”

“ಅದೇ ಕಲಿಯುತ್ತೆ ಅಮ್ಮ. ನೀನು ಪದೇ ಪದೇ ಏನು ಬರೀತೀಯೋ ಅದನ್ನ ಮುಂದೆ ತಂದು ಇಡುತ್ತೆ.”

“ಹಾಗಂದ್ರೆ ಇದಕ್ಕೆ ನಾನು ಗೊತ್ತಾದೆ,” ಎಂದಳು ಅಮ್ಮ. ಇಡೀ ದಿನದಲ್ಲಿ ಅವಳ ಮುಖದ ಮೇಲೆ ಅಂಥ ತೃಪ್ತಿ ನೋಡಿರಲಿಲ್ಲ.

ಅಳತೆಯ ವಿಷಯದಲ್ಲಿ ನಾವಿಬ್ಬರೂ ಅಂಗಡಿಯಲ್ಲೇ ಜಗಳವಾಡಿದೆವು. ವಯಸ್ಸಾದ ಕಣ್ಣು, ದೊಡ್ಡದು ತಗೋ ಎಂದು ನಾನು. ಅಂಗಡಿಯವನೂ ನನ್ನ ಕಡೆಗೇ. ಅಮ್ಮ ದೊಡ್ಡದನ್ನು ಹಿಡಿದು ನೋಡಿದಳು, ಹೆಬ್ಬೆರಳು ಪಟ್ಟಿಯ ತನಕ ಹೋಗಲಿಲ್ಲ. “ಕಣ್ಣಿಗೆ ದೊಡ್ಡದು ಬೇಕಾಗಿರೋದು ಅವಳಿಗೆ, ಓದೋಳು ಅವಳು. ನನಗೆ ಕೈಗೆ ಹತ್ತಬೇಕು, ಬರಿಯೋಳು ನಾನು.” ನಾನು ಮಾತು ಬಲ್ಲವಳು ಎಂದು ಕಚೇರಿಯಲ್ಲಿ ಹೆಸರು. ಅಮ್ಮನ ಮುಂದೆ ನನ್ನ ಬೇಳೆ ಬೇಯುತ್ತಿರಲಿಲ್ಲ. ಅಂಗೈಯಗಲದ ಚಿಕ್ಕ ಫೋನನ್ನೇ ಕೊಂಡೆವು.

ಮನೆಗೆ ತಂದರೆ ಇನ್ನೊಂದು ರಾಮಾಯಣ. ಅಮ್ಮನ ಸಿಮ್ಮಿಗೆ ಅಡುಗೆಮನೆಯಲ್ಲಿ ಸಿಗ್ನಲ್ಲು ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಮಾತು ಹೇಗೋ ಕೇಳುತ್ತಿತ್ತು, ಬರೆದ ಹೂಂ ಮಾತ್ರ ಎಲ್ಲೋ ಕೂತು ಸುಧಾರಿಸಿಕೊಂಡು ಹೋಗುತ್ತಿತ್ತು. ಹೊತ್ತು ಮೀರಿ ಮುಟ್ಟಿದ ಹೂಂನಿಂದ ಆಗುವ ಅನಾಹುತ ಅನುಭವಿಸಿದವರಿಗೇ ಗೊತ್ತು. ಚಿಕ್ಕಮ್ಮ ಅವರೆಕಾಯಿಯ ರೇಟು ಹೇಳಿದಾಗ ಅಮ್ಮ ಒತ್ತಿದ ಹೂಂ, ಅವಳು ಸೊಸೆಯ ಜೊತೆ ಆದ ಕಿರಿಕಿರಿ ಹೇಳಿ “ಅಲ್ಲ ಅಕ್ಕ, ನಂದೇ ತಪ್ಪಾ?” ಎಂದು ಕೇಳಿದ ಹೊತ್ತಿಗೆ ಸರಿಯಾಗಿ ಹೋಗಿ ಇಳಿಯಿತು. “ನೀನೂ ಹಾಗೇ ಅಂತೀಯಾ!” ಎಂದು ಚಿಕ್ಕಮ್ಮ ಕೂಗಿದಳು. ಅಮ್ಮ ಇಲ್ಲಿ “ಅಯ್ಯೋ ಇಲ್ವೇ, ಅದು ಅವರೆಕಾಯಿದು!” ಎಂದು ಅರಚಿದರೆ ಯಾರಿಗೆ ಕೇಳಬೇಕು?

ಹಾಗಾಗಿ ನಾನು ಬ್ಲಾಕಿನವರ ಫೋನುಗಳನ್ನೆಲ್ಲ ಕಡ ತಂದೆ. ಪಕ್ಕದ ಪಂಜಾಬಿ ಹೆಂಗಸಿನದು ಒಂದು ಕಂಪನಿಯ ಸಿಮ್ಮು, ಮೇಲ್ಮಹಡಿಯ ಒಡಿಯಾ ಅಧಿಕಾರಿಯದು ಇನ್ನೊಂದು, ನಮ್ಮವರದು ಮತ್ತೊಂದು. ಮಾನೇಸರದ ಬಯಲಿನಲ್ಲಿ ತಮ್ಮದಕ್ಕೆ ಸಾಟಿಯಿಲ್ಲ ಎಂದು ನಮ್ಮವರು ಜಂಬ ಕೊಚ್ಚಿಕೊಂಡರು. “ನಿಮ್ಮ ಬಯಲಲ್ಲಿ ನಮ್ಮಮ್ಮ ಕೂತ್ಕೊಳ್ಳಲ್ಲ, ಈ ಮಣೆ ಮೇಲೆ ಕೂತ್ಕೊಳ್ತಾಳೆ,” ಎಂದೆ. ಒಂದೊಂದೇ ಫೋನನ್ನು ಕಿಟಕಿಯ ಹತ್ತಿರ ತಂದು, ಮಣೆಯ ಮೇಲೆ ಕೂತು, ತಿಪಟೂರಿಗೆ ಹೂಂ ಕಳಿಸಿದೆವು. ಅತ್ತ ಚಿಕ್ಕಮ್ಮನ ಮಗ ‘ಬಂತು’, ‘ಇನ್ನೂ ಇಲ್ಲ’ ಎಂದು ಕೂಗಿ ಹೇಳುತ್ತಿದ್ದ. ಗೆದ್ದದ್ದು ಒಡಿಯಾದವರ ಕಂಪನಿ. ನಂಬರು ಅದೇ ಇಟ್ಟುಕೊಂಡು ಕಂಪನಿ ಬದಲಾಯಿಸಿದೆವು. ನಮ್ಮವರು ಎರಡು ದಿನ ಮುಖ ದಪ್ಪ ಮಾಡಿಕೊಂಡಿದ್ದರು.

ಹೊಸ ಸಿಮ್ಮು ಹಾಕಿದ ಬೆಳಿಗ್ಗೆ ನಾನು ಬೇಕೆಂದೇ ರಜೆ ಹಾಕಿ ಮನೆಯಲ್ಲುಳಿದೆ. ಚಿಕ್ಕಮ್ಮ ಫೋನನ್ನು ಸ್ಟೂಲಿನ ಮೇಲೆ ಲೋಟಕ್ಕೆ ಒರಗಿಸಿಟ್ಟು, ಸ್ಪೀಕರು ಹಾಕಿ, ಹುರುಳಿಕಾಯಿ ಮುರಿಯುತ್ತ ಅಳುಕಿನಿಂದ ಒಂದು ಮಾತು ಶುರುಮಾಡಿದಳು. ಅಮ್ಮ ‘ಹ’ ಮುಟ್ಟಿದಳು, ಮೇಲೆ ಬಂದ ಹೂಂ ಒತ್ತಿ ಕಳಿಸಿದಳು. ಅತ್ತ ಸ್ಟೂಲಿನ ಮೇಲೆ ಫೋನು ಗುರ್ ಎಂದು ನಡುಗಿದ ಸದ್ದು ನಮ್ಮ ಅಡುಗೆಮನೆಗೆ ಕೇಳಿಸಿತು. ಹುರುಳಿಕಾಯಿ ಮುರಿಯುವ ಸದ್ದು ನಿಂತಿತು. ಆಮೇಲೆ “ಬಂತು ಕಣೇ ಅಕ್ಕ!” ಎಂದಳು. ಅಷ್ಟು ದಿನ ಕಟ್ಟಿಕೊಂಡಿದ್ದ ಮಾತೆಲ್ಲ ಒಟ್ಟಿಗೆ ಹೊರಬಂತು. ಅಮ್ಮನಿಗೆ ಒತ್ತಿ ಒತ್ತಿ ಬೆರಳು ನೋವು ಬಂತು. ಅಂದು ಅನ್ನ ಸೀದುಹೋಯಿತು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಆ ಮೇಲೆ ಅದೇ ರೂಢಿಯಾಯಿತು. ನನಗೆ ಒಂದು ವಿಚಿತ್ರ ಕಾಣುತ್ತಿತ್ತು. ಅಮ್ಮ ಹೂಂ ಒತ್ತುವಾಗಲೆಲ್ಲ ಬಾಯಲ್ಲೂ ಹೂಂ ಅನ್ನುತ್ತಿದ್ದಳು. ಅದೇ ತುಂಡು, ಅದೇ ಎಳೆದದ್ದು, ಅದೇ ಮೂಗಿನದು. ಚಿಕ್ಕಮ್ಮನ ಪರದೆಗೆ ಹೋಗುವುದು ಒಂದೇ ಬಗೆಯ ಹೂಂ ತಾನೆ.

“ಅವಳಿಗೆ ಕೇಳಲ್ಲ ಅಂತ ಗೊತ್ತಲ್ಲಮ್ಮ. ಬಾಯಲ್ಲಿ ಯಾಕೆ ಅಂತೀಯ?” ಎಂದು ಕೇಳಿದೆ.

“ಬಾಯಲ್ಲಿ ಅನ್ನದೆ ಬರೀ ಬೆರಳಲ್ಲಿ ಅಂದ್ರೆ ಅದು ಸುಳ್ಳು ಹೂಂ ಆಗುತ್ತೆ,” ಎಂದಳು.

ಆಮೇಲೆ ಕಿದ್ವಾಯಿ ನಗರದ ಆ ಬ್ಲಾಕನ್ನು ಹೊಸದಾಗಿ ಕಟ್ಟಲೆಂದು ಕೆಡವಿದರು. ಬೇವಿನ ಮರವೂ ಹೋಯಿತು. ನಾವು ಲಕ್ಷ್ಮೀ ನಗರದ ಒಂದು ಗಲ್ಲಿಯಲ್ಲಿ ಬಾಡಿಗೆಗೆ ಬಂದೆವು. ಎದುರುಮನೆಯ ಬಾಲ್ಕನಿಯವರು ಕೈ ಚಾಚಿದರೆ ನಮ್ಮ ಬಟ್ಟೆ ಒಣಗಿದೆಯೋ ನೋಡಬಹುದು, ಅಷ್ಟು ಇಕ್ಕಟ್ಟು. ಹೊಸ ಮನೆಯಲ್ಲಿ ನಾನು ಹಾಲು ಉಕ್ಕಿಸಲು ಒಲೆ ಹೊಂದಿಸುತ್ತಿದ್ದರೆ, ಅಮ್ಮ ಫೋನು ಹಿಡಿದುಕೊಂಡು ಮೂಲೆ ಮೂಲೆ ಸುತ್ತುತ್ತಿದ್ದಳು. ಸಿಗ್ನಲ್ಲು ಸಿಕ್ಕಿದ ಮೂಲೆಯಲ್ಲಿ ಮಣೆ ಹಾಕಿದಳು. ದೇವರ ಪಟಕ್ಕೆ ಜಾಗ ಆಮೇಲೆ ಗೊತ್ತಾಯಿತು. ಆ ಮೂಲೆಯಲ್ಲಿ ಅಕ್ಕತಂಗಿಯರ ಮಾತು ಇನ್ನಷ್ಟು ವರ್ಷ ನಡೆಯಿತು.

ಅಮ್ಮ ಒಂದು ಚಳಿಗಾಲದಲ್ಲಿ ಹೋದಳು. ಚಿಕ್ಕಮ್ಮನಿಗೆ ಅಷ್ಟು ದೂರ ಬರುವ ಶಕ್ತಿ ಇರಲಿಲ್ಲ. ಅವಳ ಮಗ ಸುದ್ದಿಯನ್ನು ದೊಡ್ಡ ಅಕ್ಷರದಲ್ಲಿ ಬರೆದು ತೋರಿಸಿದನಂತೆ. ಓದಿದಳು, ಫೋನನ್ನು ಸ್ಟೂಲಿನ ಮೇಲೆ ಕವುಚಿ ಇಟ್ಟಳು, ಆಮೇಲೆ ಯಾರ ಹತ್ತಿರವೂ ಮಾತಾಡುತ್ತಿಲ್ಲ ಎಂದ. ನಾನು ಕರ್ಮಾಂತರದ ಓಡಾಟದಲ್ಲಿದ್ದೆ. ಆದರೂ ದಿನಾ ಅಮ್ಮನ ಫೋನಿಗೆ ಚಾರ್ಜು ಹಾಕುತ್ತಿದ್ದೆ.

ಕಳೆದ ವಾರ ಮಗಳು ನನ್ನನ್ನು ಒಂದು ದೊಡ್ಡ ಮಾಲಿನ ಅಂಗಡಿಗೆ ಕರೆದುಕೊಂಡು ಹೋಗಿದ್ದಳು. ಚೆಂದದ ಫೋನುಗಳು, ತೆಳ್ಳಗೆ, ಹಗುರ, ಕನ್ನಡ ಎಲ್ಲದರಲ್ಲೂ ಇದೆ. ಸುಮ್ಮನೆ ಒಂದರಲ್ಲಿ ‘ಹ’ ಮುಟ್ಟಿ ನೋಡಿದೆ. ‘ಹೇಗಿದ್ದೀರಿ’ ಎಂದಿತು. ಇನ್ನೊಂದು ‘ಹಬ್ಬದ ಶುಭಾಶಯಗಳು’ ಎಂದಿತು. ಮಗಳು ಬೆಲೆ ಕೇಳುತ್ತಿದ್ದಳು. ನನಗೆ ಅಲ್ಲಿ ನಿಲ್ಲಲು ಆಗಲಿಲ್ಲ, “ಚಲೋ, ಮನೆಗೆ ಹೋಗೋಣ” ಎಂದೆ.

ಯಾಕೆಂದರೆ ಅಮ್ಮನ ವೈಕುಂಠ ಸಮಾರಾಧನೆ ಮುಗಿದು, ನೆಂಟರೆಲ್ಲ ಹೊರಟುಹೋಗಿ, ಮನೆ ಬಿಕೋ ಎನ್ನುತ್ತಿದ್ದ ಒಂದು ಬೆಳಿಗ್ಗೆ, ಅದೇ ಹೊತ್ತಿಗೆ, ಅಮ್ಮನ ಫೋನು ಹೊಡೆದುಕೊಂಡಿತ್ತು. ಎತ್ತಿ ಸ್ಪೀಕರು ಹಾಕಿದೆ. ಅತ್ತಲಿಂದ ಪಾತ್ರೆಯ ಸದ್ದು, ಕುರ್ಚಿ ಎಳೆದ ಸದ್ದು, ಆಮೇಲೆ ಚಿಕ್ಕಮ್ಮನ ದನಿ.

“ಅಕ್ಕ ಇಲ್ಲ ಅಂತ ಗೊತ್ತು. ಯಾರು ಎತ್ತಿದೀರೋ ಗೊತ್ತಿಲ್ಲ. ಎತ್ತಿದೀರೋ ಇಲ್ವೋ ಅದೂ ಗೊತ್ತಿಲ್ಲ.” ಫೋನನ್ನು ಲೋಟಕ್ಕೆ ಒರಗಿಸಿದ ಸದ್ದು. “ನಮ್ಮ ಹಿಂದಿನ ಬೀದಿಲಿ, ಅಕ್ಕ ಇದ್ದ ಮನೆ ಇತ್ತಲ್ಲ, ಅದಕ್ಕೆ ಹೊಸಬರು ಬಂದಿದಾರೆ. ಇವತ್ತು ಅವರ ಮನೆ ಒಗ್ಗರಣೆ ವಾಸನೆ ಬಂತು. ಸಾಸಿವೆಗೆ ಮುಂಚೆ ಇಂಗು ಹಾಕ್ತಾರೆ ಅವರು...”

ಮಾತು ನಿಂತಿತು. ಚಿಕ್ಕಮ್ಮ ಕಾಯುತ್ತಿದ್ದಳು. ನಾನು “ಹೂಂ” ಎಂದೆ. ಅವಳಿಗೆ ಕೇಳುವುದಿಲ್ಲವೆಂದು ಗೊತ್ತಿದ್ದೂ ಮತ್ತೊಮ್ಮೆ, ಜೋರಾಗಿ ಎಂದೆ. ಆಮೇಲೆ ಮೆಸೇಜು ಬರೆಯುವ ಜಾಗ ತೆರೆದೆ. ಕಣ್ಣಿಗೆ ನೀರು ತುಂಬಿ ಅಕ್ಷರಗಳು ಕಾಣುತ್ತಿರಲಿಲ್ಲ, ‘ಹ’ ಎಲ್ಲಿದೆಯೆಂದು ಹುಡುಕುತ್ತಿದ್ದೆ. ನಾನಿನ್ನೂ ಏನನ್ನೂ ಮುಟ್ಟಿರಲಿಲ್ಲ. ಮೇಲಿನ ಪಟ್ಟಿಯಲ್ಲಿ, ಎಲ್ಲಕ್ಕಿಂತ ಮೊದಲು, ಅಮ್ಮನ ಹೂಂ ಬಂದು ನಿಂತಿತ್ತು.

ಒತ್ತಿದೆ. ತಿಪಟೂರಿನಲ್ಲಿ ಸ್ಟೂಲಿನ ಮೇಲೆ ಫೋನು ಗುರ್ ಎಂದ ಸದ್ದು ಕೇಳಿಸಿತು.

“ಹಾಂ,” ಎಂದಳು ಚಿಕ್ಕಮ್ಮ. ಮೂಗು ಒರೆಸಿಕೊಂಡ ಸದ್ದಾಯಿತು. “ಎಲ್ಲಿಗೆ ಬಂದಿದ್ದೆ?”